ಗಾಜಿನ ಅರಮನೆ ಕಟ್ಟಿದ ತೋಟಗಾರ: ಜೋಸೆಫ್ ಪ್ಯಾಕ್ಸ್‌ಟನ್

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ನನ್ನ ಪಾಲಿಗೆ ಬಂದಿತ್ತು. ಘಟಕಕ್ಕೆ ಪೂರಕವಾಗಿ ಒಬ್ಬ ವ್ಯಕ್ತಿಯ ಜೀವನವನ್ನು ಮಕ್ಕಳಿಗೆ ಪರಿಚಯಿಸಲು ಮಾರ್ಗದರ್ಶಕ ಶಿಕ್ಷಕರು ಸೂಚಿಸಿದರು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನಾನು ಜೋಸೆಫ್ ಪ್ಯಾಕ್ಸ್‌ಟನ್ ಅವರನ್ನು ಆರಿಸಿಕೊಂಡೆ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ಪ್ರದರ್ಶನವು ಜಗತ್ತಿನ ಮೊದಲ ದೊಡ್ಡ ಅಂತರರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ. ಅದರ ಕಟ್ಟಡವನ್ನು ರೂಪಿಸಿದವರು ಈ ತೋಟಗಾರ.

ಅವರ ಬಗ್ಗೆ ಪ್ರಚಲಿತವಾದ ಕಥೆಯೊಂದಿದೆ. ಅವರು ನೀರಿನ ಮೇಲೆ ತೇಲುವ ದೈತ್ಯ ನೈದಿಲೆಯ ಎಲೆಯನ್ನು ನೋಡಿದರು, ಅದರಂತೆಯೇ ಗಾಜಿನ ಅರಮನೆ ಕಟ್ಟಿದರು ಎಂಬುದು ಆ ಕಥೆ. ಕೇಳಲು ಸೊಗಸಾಗಿದೆ. ಆದರೆ ಅವರ ಬದುಕಿನ ಇಸವಿಗಳನ್ನು ಕ್ರಮವಾಗಿ ಜೋಡಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ವಿಜ್ಞಾನದ ತರಗತಿಗೆ ಬೇಕಾದದ್ದು ಆ ಚಿತ್ರ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಇಸವಿಗಳ ಕ್ರಮದಲ್ಲಿಯೇ ಅವರ ಜೀವನವನ್ನು ಹೇಳುತ್ತೇನೆ.

ಹಳ್ಳಿಯಿಂದ ಚಾಟ್ಸ್‌ವರ್ತ್‌ಗೆ

ಪ್ಯಾಕ್ಸ್‌ಟನ್ ಹುಟ್ಟಿದ್ದು 1803ರ ಆಗಸ್ಟ್ 3ರಂದು, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಪ್ರಾಂತದ ಮಿಲ್ಟನ್ ಬ್ರಯಾನ್ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆತನದ ಏಳನೆಯ ಮಗ. ಶಾಲೆಯಲ್ಲಿ ಕಲಿತದ್ದು ಅಲ್ಪ. ಹದಿಹರೆಯದಲ್ಲಿಯೇ ಸಿರಿವಂತರ ತೋಟಗಳಲ್ಲಿ ಕೆಲಸಕ್ಕೆ ನಿಂತರು. 1823ರಲ್ಲಿ ಲಂಡನ್ ಬಳಿಯ ಚಿಸ್‌ವಿಕ್‌ನಲ್ಲಿದ್ದ ತೋಟಗಾರಿಕಾ ಸಂಘದ ತೋಟಕ್ಕೆ ಸೇರಿದರು. ಆ ಜಮೀನು ಡೆವನ್‌ಶೈರ್‌ನ ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್ ಅವರದು. ಆಗಾಗ ತೋಟಕ್ಕೆ ಬರುತ್ತಿದ್ದ ಡ್ಯೂಕ್ ಈ ಯುವಕನ ಜಾಣ್ಮೆಯನ್ನು ಗುರುತಿಸಿ, 1826ರಲ್ಲಿ ಡರ್ಬಿಶೈರ್‌ನ ತಮ್ಮ ಚಾಟ್ಸ್‌ವರ್ತ್ ಅರಮನೆಯ ಮುಖ್ಯ ತೋಟಗಾರನನ್ನಾಗಿ ನೇಮಿಸಿದರು. ಆಗ ಪ್ಯಾಕ್ಸ್‌ಟನ್ ಅವರಿಗೆ 22 ವರ್ಷ.

ಕೆಲಸದ ಮೊದಲ ದಿನವನ್ನು ಅವರೇ ಬರೆದಿಟ್ಟಿದ್ದಾರೆ. ಬೆಳಗಿನ ಜಾವ ನಾಲ್ಕೂವರೆಗೆ ಚಾಟ್ಸ್‌ವರ್ತ್ ತಲುಪಿದರು. ಬಾಗಿಲು ತೆರೆದಿರಲಿಲ್ಲ. ತೋಟದ ಗೋಡೆ ಹತ್ತಿ ಒಳಗಿಳಿದು ಎಲ್ಲವನ್ನೂ ಸುತ್ತಿ ನೋಡಿದರು. ಆರು ಗಂಟೆಗೆ ಆಳುಗಳಿಗೆ ಕೆಲಸ ಹಚ್ಚಿದರು. ಬೆಳಗಿನ ಉಪಾಹಾರದ ಹೊತ್ತಿಗೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದವರ ಸಂಬಂಧಿಕಳಾದ ಸಾರಾ ಬೌನ್ ಅವರ ಪರಿಚಯವಾಯಿತು. ಮರುವರ್ಷ ಇಬ್ಬರೂ ಮದುವೆಯಾದರು. ಮುಂದೆ ಪ್ಯಾಕ್ಸ್‌ಟನ್ ಊರೂರು ತಿರುಗುವಾಗಲೆಲ್ಲ ಚಾಟ್ಸ್‌ವರ್ತ್‌ನ ಲೆಕ್ಕಪತ್ರ ಮತ್ತು ಆಡಳಿತವನ್ನು ಹೊತ್ತವರು ಸಾರಾ. ಅರಮನೆಯ ಕಥೆಯಲ್ಲಿ ಅವರ ಹೆಸರು ಬಿಟ್ಟುಹೋಗುವುದುಂಟು. ತರಗತಿಯಲ್ಲಿ ಅದನ್ನು ಹೇಳಲೇಬೇಕು.

ಇಪ್ಪತ್ತು ವರ್ಷಗಳ ಪ್ರಯೋಗ

ಉಷ್ಣವಲಯದ ಗಿಡಗಳು ಇಂಗ್ಲೆಂಡಿನ ಚಳಿಯಲ್ಲಿ ಬದುಕಬೇಕಾದರೆ ಗಾಜಿನ ಮನೆ ಬೇಕು. ಗಾಜು ಭಾರ, ಅದನ್ನು ಹೊರಲು ದಪ್ಪ ಚೌಕಟ್ಟು ಬೇಕು, ದಪ್ಪ ಚೌಕಟ್ಟು ಬೆಳಕನ್ನು ತಡೆಯುತ್ತದೆ. ಈ ಸಮಸ್ಯೆಯನ್ನು ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಕೈಗೆತ್ತಿಕೊಂಡರು. ಹೊಲದ ಬೋದು ಮತ್ತು ಸಾಲಿನಂತೆ ಏರಿಳಿಯುವ ಮಡಿಕೆ ಚಾವಣಿಯ ಯೋಚನೆಯನ್ನು ಜಾನ್ ಲೌಡನ್ ಎಂಬ ತೋಟಗಾರಿಕಾ ಲೇಖಕರು ಮೊದಲೇ ಮುಂದಿಟ್ಟಿದ್ದರು. ಪ್ಯಾಕ್ಸ್‌ಟನ್ ಅದನ್ನು ಕಟ್ಟಿ, ಪರೀಕ್ಷಿಸಿ, ತಿದ್ದುತ್ತ ಹೋದರು. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಮಡಿಕೆಯ ಗಾಜಿಗೆ ಹೆಚ್ಚು ನೇರವಾಗಿ ಬೀಳುತ್ತದೆ. ನಡುಹಗಲಿನ ಸುಡುಬಿಸಿಲು ಓರೆಯಾಗಿ ಬೀಳುವುದರಿಂದ ತಾಪ ತಗ್ಗುತ್ತದೆ. ಮಡಿಕೆಯಿಂದಾಗಿ ಚಾವಣಿಗೆ ಬಲವೂ ಬರುತ್ತದೆ. ಮರದ ತೊಲೆಗಳಲ್ಲಿಯೇ ತೋಡು ಕೊರೆದು, ಹೊರಗಿನ ಮಳೆನೀರೂ ಗಾಜಿನ ಒಳಮೈಯಲ್ಲಿ ಹನಿಗಟ್ಟುವ ನೀರೂ ಹರಿದುಹೋಗುವಂತೆ ಮಾಡಿದರು. ಗಾಜು ಕೂರಿಸುವ ಮರದ ಪಟ್ಟಿಗಳನ್ನು ಕತ್ತರಿಸಲು ಯಂತ್ರವನ್ನೂ ರೂಪಿಸಿದರು.

1836ರಲ್ಲಿ ಆರಂಭವಾದ ಚಾಟ್ಸ್‌ವರ್ತ್‌ನ ಮಹಾ ಸಸ್ಯಗೃಹದಲ್ಲಿ ಈ ಅನುಭವವೆಲ್ಲ ಒಂದಾಯಿತು. ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್ ಅವರ ನೆರವಿನಿಂದ ಕಟ್ಟಿದ ಅದು 277 ಅಡಿ ಉದ್ದ, 123 ಅಡಿ ಅಗಲವಿತ್ತು. ಈ ವರ್ಷಗಳಲ್ಲಿಯೇ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಭಾರತಕ್ಕೆ ಕಳುಹಿಸಿ, ಖಾಸಿ ಬೆಟ್ಟಗಳ ಆರ್ಕಿಡ್‌ಗಳನ್ನು ತರಿಸಿದರು. ನಾವಿಂದು ಪಚ್ಚಬಾಳೆ, ಜಿ-9 ಎಂದು ಕೊಳ್ಳುವ ಹಣ್ಣುಗಳು ಕ್ಯಾವೆಂಡಿಷ್ ಗುಂಪಿಗೆ ಸೇರಿದವು. ಚಾಟ್ಸ್‌ವರ್ತ್‌ನಲ್ಲಿ ಬೆಳೆಸಿದ ಬಾಳೆಗೆ ಪ್ಯಾಕ್ಸ್‌ಟನ್ ಡ್ಯೂಕ್ ಮನೆತನದ ಹೆಸರಿಟ್ಟದ್ದರಿಂದ ಆ ಹೆಸರು ಬಂದಿದೆ. ಇದನ್ನು ಹೇಳಿದಾಗ ತರಗತಿಯಲ್ಲಿ ಮೂಡಿದ ಕುತೂಹಲ ಬೇರೆ ಯಾವ ಸಂಗತಿಗೂ ಮೂಡಲಿಲ್ಲ.

ಎಲೆಯ ಪಾಠ

ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯ ಸಸಿ ಕ್ಯೂ ತೋಟದಿಂದ ಚಾಟ್ಸ್‌ವರ್ತ್‌ಗೆ ಬಂದದ್ದು 1849ರಲ್ಲಿ. ನೀರನ್ನು ಬೆಚ್ಚಗಿಟ್ಟು ಪ್ಯಾಕ್ಸ್‌ಟನ್ ಅದನ್ನು ಬೆಳೆಸಿದರು. ಅದೇ ನವೆಂಬರಿನಲ್ಲಿ ಅದು ಹೂ ಬಿಟ್ಟಿತು. ಎಲೆ ಎಷ್ಟು ಭಾರ ತಡೆಯಬಲ್ಲದೆಂದು ನೋಡಲು ತಮ್ಮ ಪುಟ್ಟ ಮಗಳು ಆನಿಯನ್ನು ಅದರ ಮೇಲೆ ನಿಲ್ಲಿಸಿದರು. ಎಲೆ ಮುಳುಗಲಿಲ್ಲ. ಎಲೆಯ ಕೆಳಗೆ ನಡುವಿನಿಂದ ಅಂಚಿಗೆ ಹರಡಿದ ದಪ್ಪ ನರಗಳು, ಅವುಗಳನ್ನು ಬೆಸೆಯುವ ಅಡ್ಡ ನರಗಳು ಇವೆ. ಒಂದೆಡೆ ಬಿದ್ದ ಭಾರವನ್ನು ಅವು ಅಗಲವಾದ ಮೈಗೆ ಹಂಚುತ್ತವೆ. ಬಲ ಅಷ್ಟೇ ಇದ್ದರೂ ವಿಸ್ತೀರ್ಣ ಹೆಚ್ಚಿದಾಗ ಒತ್ತಡ ಕಡಿಮೆಯಾಗುತ್ತದೆ ಎಂಬ ನಮ್ಮ ಘಟಕದ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಈ ಗಿಡಕ್ಕಾಗಿ ಪ್ಯಾಕ್ಸ್‌ಟನ್ ಮಡಿಕೆ ಚಾವಣಿಯ ಹೊಸ ಗಾಜಿನ ಮನೆಯನ್ನು ಕಟ್ಟಿದರು. 1850ರ ಉಪನ್ಯಾಸವೊಂದರಲ್ಲಿ ಎಲೆಯನ್ನೇ ತೋರಿಸಿ ಅದರ ರಚನೆಯನ್ನು ವಿವರಿಸಿದರು.

ಇಲ್ಲಿ ಇಸವಿಗಳು ಮುಖ್ಯ. ಮಡಿಕೆ ಚಾವಣಿ 1830ರ ದಶಕದ್ದು, ಎಲೆ 1849ರದ್ದು. ಎಂದರೆ ಎಲೆ ನೋಡಿ ಚಾವಣಿ ಹುಟ್ಟಲಿಲ್ಲ. ಚಾವಣಿಯ ಭಾರದೊಂದಿಗೆ ವರ್ಷಗಟ್ಟಲೆ ಹೆಣಗಿದ್ದ ಕಣ್ಣಿಗೆ ಎಲೆಯ ನರಗಳ ಅರ್ಥ ತಟ್ಟನೆ ಹೊಳೆಯಿತು.

ಒಂಬತ್ತು ದಿನಗಳ ನಕ್ಷೆ

1849ರಲ್ಲಿ ಪ್ಯಾರಿಸ್ಸಿನ ಕೈಗಾರಿಕಾ ಪ್ರದರ್ಶನವನ್ನು ನೋಡಿದ ಹೆನ್ರಿ ಕೋಲ್, ಅಲ್ಲಿ ಫ್ರಾನ್ಸಿನ ವಸ್ತುಗಳು ಮಾತ್ರ ಇದ್ದುದನ್ನು ಗಮನಿಸಿದರು. ಎಲ್ಲ ದೇಶಗಳನ್ನೂ ಕರೆಯುವ ಪ್ರದರ್ಶನ ಲಂಡನ್ನಿನಲ್ಲಿ ಆಗಬೇಕೆಂಬ ಅವರ ಯೋಚನೆಗೆ ರಾಣಿ ವಿಕ್ಟೋರಿಯಾರ ಪತಿ ಆಲ್ಬರ್ಟ್ ಬೆನ್ನೆಲುಬಾದರು. ಕಟ್ಟಡಕ್ಕಾಗಿ ಸ್ಪರ್ಧೆ ನಡೆಯಿತು. 245 ವಿನ್ಯಾಸಗಳು ಬಂದವು, ಒಂದೂ ಅಂಗೀಕಾರವಾಗಲಿಲ್ಲ. ಸಮಿತಿಯೇ ರೂಪಿಸಿದ ಇಟ್ಟಿಗೆಯ ಬೃಹತ್ ಕಟ್ಟಡಕ್ಕೆ ಜನರ ವಿರೋಧ ಎದುರಾಯಿತು. ಉದ್ಯಾನದ ನಡುವೆ ಅಷ್ಟು ಇಟ್ಟಿಗೆ ಪೇರಿಸಿದರೆ ಮತ್ತೆ ಕೀಳುವವರು ಯಾರು ಎಂಬುದು ಅವರ ಆತಂಕ.

1850ರ ಜೂನ್ 11ರಂದು ಡರ್ಬಿಯಲ್ಲಿ ರೈಲ್ವೆ ಕಂಪನಿಯ ಸಭೆಯಲ್ಲಿ ಕುಳಿತಿದ್ದ ಪ್ಯಾಕ್ಸ್‌ಟನ್, ಎದುರಿಗಿದ್ದ ಬ್ಲಾಟಿಂಗ್ ಪೇಪರಿನ ಮೇಲೆ ಒಂದು ರೇಖಾಚಿತ್ರ ಗೀಚಿದರು. ಆ ಹಾಳೆ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಒಂಬತ್ತೇ ದಿನಗಳಲ್ಲಿ ಪೂರ್ಣ ನಕ್ಷೆಗಳು ಸಿದ್ಧವಾದವು. ಜುಲೈ 6ರಂದು ಸಚಿತ್ರ ಪತ್ರಿಕೆಯೊಂದರಲ್ಲಿ ವಿನ್ಯಾಸವನ್ನು ಪ್ರಕಟಿಸಿ ಜನರ ಮುಂದಿಟ್ಟರು. ಜನ ಮೆಚ್ಚಿದರು, ಸಮಿತಿ ಒಪ್ಪಿತು.

ಫಾಕ್ಸ್ ಹೆಂಡರ್ಸನ್ ಕಂಪನಿ ಗುತ್ತಿಗೆ ಹಿಡಿಯಿತು. ಚಾನ್ಸ್ ಬ್ರದರ್ಸ್ ಕಾರ್ಖಾನೆ 49 ಅಂಗುಲ ಉದ್ದ, 10 ಅಂಗುಲ ಅಗಲದ ಸುಮಾರು 3 ಲಕ್ಷ ಗಾಜಿನ ಹಾಳೆಗಳನ್ನು ಒದಗಿಸಿತು. ಕಂಬಗಳ ನಡುವಿನ ಅಂತರ 24 ಅಡಿಯ ಲೆಕ್ಕದಲ್ಲಿತ್ತು. ಎಲ್ಲ ಭಾಗಗಳೂ ಒಂದೇ ಅಳತೆಯವು. ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸುವುದಷ್ಟೇ ಕೆಲಸ. ಟೊಳ್ಳು ಕಬ್ಬಿಣದ ಕಂಬಗಳೇ ಮಳೆನೀರಿನ ಕೊಳವೆಗಳಾದವು. ಉದ್ಯಾನದ ಎಲ್ಮ್ ಮರಗಳನ್ನು ಕಡಿಯದೆ, ನಡುವೆ ಕಮಾನು ಚಾವಣಿ ಎತ್ತರಿಸಿ ಅವುಗಳನ್ನು ಒಳಗೇ ಉಳಿಸಿಕೊಂಡರು. ಮೇಲಿನ ಅಂತಸ್ತಿನ ಬಲ ಪರೀಕ್ಷಿಸಲು ಸೈನಿಕರನ್ನು ಒಟ್ಟಾಗಿ ಹೆಜ್ಜೆ ಹಾಕಿಸಿದರು. 1,848 ಅಡಿ ಉದ್ದದ ಆ ಅರಮನೆ ಕೆಲಸ ಹಿಡಿದ ಒಂದು ವರ್ಷದೊಳಗೆ ಸಿದ್ಧವಾಗಿ, 1851ರ ಮೇ 1ರಂದು ರಾಣಿಯಿಂದ ಉದ್ಘಾಟನೆಯಾಯಿತು.

ಬಾಗಿಲು ಯಾರಿಗೆ?

ಪ್ರದರ್ಶನಕ್ಕೆ ಪ್ರವೇಶ ಉಚಿತವಾಗಿರಬೇಕೆಂದು ಪ್ಯಾಕ್ಸ್‌ಟನ್ ಪ್ರಧಾನಿಗೆ ಬಹಿರಂಗ ಪತ್ರ ಬರೆದರು. ಅದು ಫಲಿಸಲಿಲ್ಲ. ಆದರೆ ಮೇ 26ರಿಂದ ವಾರದಲ್ಲಿ ನಾಲ್ಕು ದಿನ ಒಂದು ಶಿಲಿಂಗ್ ದರ ನಿಗದಿಯಾಯಿತು. ಕೂಲಿಕಾರರು, ಹಳ್ಳಿಗರು, ಶಾಲಾ ಮಕ್ಕಳು ಬಂದರು. ಥಾಮಸ್ ಕುಕ್ ರೈಲುಗಳಲ್ಲಿ 1.5 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದರು. ಅಕ್ಟೋಬರಿನಲ್ಲಿ ಮುಗಿಯುವ ಹೊತ್ತಿಗೆ 60 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಸುಮಾರು 1,86,000 ಪೌಂಡ್ ಲಾಭ ಬಂತು. ಆ ಹಣದಿಂದ ಕೊಂಡ ದಕ್ಷಿಣ ಕೆನ್ಸಿಂಗ್ಟನ್‌ನ ಭೂಮಿಯಲ್ಲಿ ಮುಂದೆ ವಸ್ತುಸಂಗ್ರಹಾಲಯಗಳೂ ವಿದ್ಯಾಸಂಸ್ಥೆಗಳೂ ತಲೆ ಎತ್ತಿದವು.

ಆ ಚಾವಣಿಯ ಕೆಳಗೆ ಭಾರತದ ವಿಭಾಗವೂ ಇತ್ತು. ಈಸ್ಟ್ ಇಂಡಿಯಾ ಕಂಪನಿ ನಮ್ಮ ನೇಯ್ಗೆ, ಆಭರಣ, ಕುಸುರಿ ಕೆಲಸಗಳನ್ನು ಅಲ್ಲಿಟ್ಟಿತು. 1849ರಲ್ಲಿ ಪಂಜಾಬನ್ನು ಗೆದ್ದಾಗ ಬಾಲಕ ಮಹಾರಾಜ ದುಲೀಪ್ ಸಿಂಗರಿಂದ ಪಡೆದ ಕೊಹಿನೂರ್ ವಜ್ರವನ್ನೂ ಪ್ರದರ್ಶಿಸಲಾಯಿತು. ಎಲ್ಲ ದೇಶಗಳಿಗೆ ಕರೆ ಹೋಗಿತ್ತು ನಿಜ, ಆದರೆ ತನ್ನ ವಸ್ತುಗಳನ್ನು ತಾನೇ ಆರಿಸಿ ಇಡುವ ಸ್ವಾತಂತ್ರ್ಯ ನಮಗಿರಲಿಲ್ಲ. ಅರಮನೆಯ ಸೊಬಗನ್ನು ಹೇಳುವ ಪಾಠ ಇದನ್ನೂ ಹೇಳಬೇಕು. ಸಮಾಜ ವಿಜ್ಞಾನದ ಸಹಪಾಠಿಯೊಂದಿಗೆ ಸೇರಿ ಬೋಧಿಸಲು ಇದು ತಕ್ಕ ಜಾಗ.

ಕೊನೆಯ ವರ್ಷಗಳು

ಪ್ಯಾಕ್ಸ್‌ಟನ್ ಅವರಿಗೆ 1851ರಲ್ಲಿಯೇ ನೈಟ್ ಪದವಿ ದೊರೆಯಿತು. 1854ರಿಂದ ಕೊನೆಯವರೆಗೂ ಅವರು ಕವೆಂಟ್ರಿಯ ಸಂಸತ್ ಸದಸ್ಯರಾಗಿದ್ದರು. ಹೈಡ್ ಪಾರ್ಕಿನಿಂದ ಬಿಚ್ಚಿದ ಅರಮನೆಯ ಭಾಗಗಳನ್ನು ಬಳಸಿ ಸಿಡನ್‌ಹ್ಯಾಮ್‌ನಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿಸಿದರು. ಅದು 1854ರಲ್ಲಿ ತೆರೆಯಿತು. ಅದರ ಸಮೀಪದ ತಮ್ಮ ಮನೆಯಲ್ಲಿಯೇ ಅವರು 1865ರ ಜೂನ್ 8ರಂದು ತೀರಿಕೊಂಡರು. 1936ರ ನವೆಂಬರ್ 30ರ ರಾತ್ರಿ ಅರಮನೆ ಬೆಂಕಿಗೆ ಆಹುತಿಯಾಯಿತು. ಅಷ್ಟರಲ್ಲಿ ಅದರ ಮಾದರಿ ಲೋಕದ ಹಲವು ಊರುಗಳನ್ನು ತಲುಪಿತ್ತು. 1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯೂ ಅದೇ ಮಾದರಿಯದು. ಅದರೊಳಗೆ ಇಂದಿಗೂ ಫಲಪುಷ್ಪ ಪ್ರದರ್ಶನ ನಡೆಯುತ್ತಿದೆ.

ತರಗತಿಗೆ

ಶೂನ್ಯ ವೆಚ್ಚದ ಚಟುವಟಿಕೆಯಾಗಿ ನಾನು ಬಳಸಿದ್ದು ನೋಟ್‌ಬುಕ್ಕಿನ ಒಂದು ಹಾಳೆ. ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟರೆ ಹಾಳೆ ತನ್ನ ಭಾರಕ್ಕೇ ಬಾಗುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಿಕೆ ಮಾಡಿ ಇಟ್ಟರೆ ಡಸ್ಟರನ್ನು ಹೊರುತ್ತದೆ. ನಂತರ ಐದು ಚೀಟಿಗಳನ್ನು ಗುಂಪುಗಳಿಗೆ ಕೊಟ್ಟೆ: ತೋಟದ ಕೆಲಸ, ಮಡಿಕೆ ಚಾವಣಿ, ಮಹಾ ಸಸ್ಯಗೃಹ, ನೈದಿಲೆ, ಗಾಜಿನ ಅರಮನೆ. ಇಸವಿ ನೋಡಿ ಜೋಡಿಸಿದ ಮಕ್ಕಳು, ಎಲೆಗಿಂತ ಚಾವಣಿಯೇ ಮೊದಲು ಬಂದಿದೆ ಎಂಬುದನ್ನು ತಾವಾಗಿಯೇ ಕಂಡುಕೊಂಡರು.

ಒಂದು ಎಲೆ, ಒಂದು ಹೊಳಹು, ಒಂದು ಅರಮನೆ ಎಂದು ಹೇಳಿದರೆ ಮಗುವಿಗೆ ಉಳಿಯುವುದು ಬೆರಗು ಮಾತ್ರ. ತನಗೆ ಅಂಥ ಹೊಳಹು ಬಾರದಿದ್ದರೆ ತಾನು ಜಾಣನಲ್ಲ ಎಂದು ಅದು ತೀರ್ಮಾನಿಸಿಬಿಡಬಹುದು. ಇಪ್ಪತ್ತು ವರ್ಷಗಳ ಕೈಕೆಲಸ, ಬೇರೆಯವರ ಯೋಚನೆಯನ್ನು ತಿದ್ದಿದ ತಾಳ್ಮೆ, ಹಣ ಕೊಟ್ಟ ಡ್ಯೂಕ್, ಲೆಕ್ಕ ನೋಡಿದ ಸಾರಾ, ಆಮೇಲೆ ಒಂದು ಎಲೆ ಎಂದು ಹೇಳಿದರೆ ಆ ಮಗು ತಾನೂ ಎಲ್ಲಿಂದಲಾದರೂ ಆರಂಭಿಸಬಹುದೆಂದು ತಿಳಿಯುತ್ತದೆ. ವಿಜ್ಞಾನಿಗಳ ಜೀವನವನ್ನು ಪಾಠ ಯೋಜನೆಗೆ ಸೇರಿಸುವ ಸಹ ಪ್ರಶಿಕ್ಷಣಾರ್ಥಿಗಳು ಕಥೆಯ ಪಕ್ಕದಲ್ಲಿ ಇಸವಿಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.