ವಿಮಾನಚಾಲಕಿ ಬೆಸ್ಸಿ ಕೋಲ್ಮನ್

ಅಮೇರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಟೆಕ್ಸಸ್ ಪ್ರಾಂತದಲ್ಲಿ ಅಟ್ಲಾಂಟಾ ಎಂಬ ಸಣ್ಣ ಊರುಂಟು. ಬೆಸ್ಸಿ ಕೋಲ್ಮನ್ ಎಂಬಾಕೆಯು ಅಲ್ಲಿ 1892ನೆಯ ಇಸವಿ ಜನವರಿ 26ನೆಯ ತಾರೀಖು ಹುಟ್ಟಿದಳು. ಹದಿಮೂರು ಮಂದಿ ಮಕ್ಕಳಲ್ಲಿ ಆಕೆ ಹತ್ತನೆಯವಳು. ತಂದೆತಾಯಿಗಳು ಹತ್ತಿಯ ಹೊಲಗಳಲ್ಲಿ ದುಡಿದು ಹೊಟ್ಟೆ ಹೊರೆಯುವ ಕಪ್ಪು ಜನರು. ಗುಲಾಮಗಿರಿಯು 1865ರಲ್ಲಿಯೇ ಕಾಯಿದೆಯ ಮೂಲಕ ರದ್ದಾಗಿದ್ದರೂ, ಆ ದೇಶದ ದಕ್ಷಿಣ ಭಾಗದಲ್ಲಿ ಕಪ್ಪು ಜನರ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ. ಕುಟುಂಬವು ವಾಕ್ಸಹಾಚಿ ಎಂಬ ಊರಿನಲ್ಲಿ ನೆಲಸಿತು. 1901ರಲ್ಲಿ ತಂದೆಯು ಸಂಸಾರವನ್ನು ಬಿಟ್ಟು ಓಕ್ಲಹೋಮಾದ ಕಡೆಗೆ ಹೊರಟುಹೋದನು. ತಾಯಿಯಾದ ಸೂಸನಳು ಪರರ ಮನೆಗಳಲ್ಲಿ ಕೆಲಸಕ್ಕೆ ನಿಂತಳು. ತಂಗಿಯರನ್ನು ನೋಡಿಕೊಳ್ಳುವ ಭಾರವು ಒಂಬತ್ತು ವರುಷದ ಬೆಸ್ಸಿಯ ಮೇಲೆ ಬಿತ್ತು.

ಒಂದೇ ಕೋಣೆಯ ಶಾಲೆ. ನಾಲ್ಕು ಮೈಲಿಗಳ ಕಾಲುನಡಿಗೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆಯ ಬಾಗಿಲೇ ಮುಚ್ಚುತ್ತಿತ್ತು. ಹಾಜರಿ ಪುಸ್ತಕವನ್ನು ಬರೆಯುವ ನಮಗೆ ಈ ಸಂಗತಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಹಾಗಿದ್ದರೂ ಹುಡುಗಿಯು ಲೆಕ್ಕದಲ್ಲಿ ಬಹು ಜಾಣೆಯಾದಳು. ಹನ್ನೆರಡನೆಯ ವಯಸ್ಸಿನಲ್ಲಿ ಬ್ಯಾಪ್ಟಿಸ್ಟ್ ಸಭೆಯವರ ಶಾಲೆಯಲ್ಲಿ ಆಕೆಗೆ ವಿದ್ಯಾರ್ಥಿವೇತನ ದೊರೆಯಿತು. ಬಟ್ಟೆ ಒಗೆದು ಕೂಡಿಟ್ಟ ಹಣದಿಂದ 1910ರಲ್ಲಿ ಓಕ್ಲಹೋಮಾದ ಲ್ಯಾಂಗ್‌ಸ್ಟನ್ ಊರಿನ ವಿದ್ಯಾಲಯವನ್ನು ಸೇರಿದಳು. ಒಂದು ಅವಧಿ ಮುಗಿಯುವುದರೊಳಗೆ ಹಣವೂ ಮುಗಿಯಿತು. ಪುನಃ ಊರು, ಪುನಃ ಒಗೆತದ ಕೆಲಸ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಕೆಯು ಶಿಕಾಗೋ ಪಟ್ಟಣಕ್ಕೆ ಅಣ್ಣಂದಿರ ಬಳಿಗೆ ಹೋಗಿ, ಒಂದು ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರುಗಳನ್ನು ಕತ್ತರಿಸಿ ನಯಮಾಡುವ ಕೆಲಸವನ್ನು ಹಿಡಿದಳು. ಯುದ್ಧದಿಂದ ಹಿಂದಿರುಗಿದ್ದ ಅಣ್ಣನಾದ ಜಾನನು, ಫ್ರಾನ್ಸಿನ ಹೆಂಗಸರು ವಿಮಾನವನ್ನೇ ಹಾರಿಸುತ್ತಾರೆಂದು ಹೇಳಿ ತಂಗಿಯನ್ನು ಹಾಸ್ಯಮಾಡಿದನು. ಆ ಹಾಸ್ಯವು ಆಕೆಯ ಮನಸ್ಸಿನಲ್ಲಿ ನಾಟಿಕೊಂಡಿತು. ಆದರೆ ಅಮೇರಿಕಾದ ವಿಮಾನಶಾಲೆಗಳಲ್ಲಿ ಕಪ್ಪು ಬಣ್ಣದವಳೆಂದೂ ಹೆಂಗಸೆಂದೂ ಎರಡು ಬಗೆಯ ಅಡ್ಡಿ. ಶಿಕಾಗೋ ಡಿಫೆಂಡರ್ ಪತ್ರಿಕೆಯ ಒಡೆಯರಾದ ರಾಬರ್ಟ್ ಆಬಟ್ ಎಂಬವರು, ಫ್ರಾನ್ಸಿಗೆ ಹೋಗಿ ಕಲಿಯುವಂತೆ ಬುದ್ಧಿಹೇಳಿದರು. ಆಕೆಯು ಫ್ರೆಂಚ್ ಭಾಷೆಯ ಪಾಠಗಳಿಗೆ ಸೇರಿದಳು. 1920ನೆಯ ನವೆಂಬರಿನಲ್ಲಿ ಹಡಗು ಹತ್ತಿದಳು. ಆಗ ಆಕೆಗೆ ಇಪ್ಪತ್ತೆಂಟು ವರುಷ ವಯಸ್ಸು.

ಲ ಕ್ರೋಟ್ವಾ ಎಂಬಲ್ಲಿ ಕಾಡ್ರನ್ ಸಹೋದರರ ಶಾಲೆಯಲ್ಲಿ ಎರಡು ಜೊತೆ ರೆಕ್ಕೆಗಳ ನ್ಯೂಪೋರ್ ವಿಮಾನದ ಮೇಲೆ ಅಭ್ಯಾಸ ನಡೆಯಿತು. ಮರ ಬಟ್ಟೆಗಳಿಂದ ಕಟ್ಟಿದ ಯಂತ್ರವದು. ಜೊತೆಯ ವಿದ್ಯಾರ್ಥಿಯೊಬ್ಬನು ಅಪಘಾತದಲ್ಲಿ ಸತ್ತುದನ್ನು ಕಂಡರೂ ಬೆಸ್ಸಿ ಹಿಂದೆಗೆಯಲಿಲ್ಲ. 1921ನೆಯ ಜೂನ್ 15ರಂದು ಅಂತಾರಾಷ್ಟ್ರೀಯ ವೈಮಾನಿಕ ಮಂಡಲಿಯ ಪರವಾನಗಿಯು ಕೈಗೆ ಬಂತು. ಅದನ್ನು ಪಡೆದ ಮೊದಲನೆಯ ಕಪ್ಪು ಮಹಿಳೆ ಆಕೆಯೇ. ಆ ಪತ್ರದಲ್ಲಿ ಹುಟ್ಟಿದ ವರುಷವು 1896 ಎಂದಿದೆ, ಅಂದರೆ ನಾಲ್ಕು ವರುಷ ಕಡಿಮೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ವಿದ್ಯಾರ್ಥಿನಿ ಎನ್ನಿಸಿಕೊಳ್ಳಲು ಆಕೆಗೂ ಸಂಕೋಚವಿತ್ತೋ ಏನೋ.

ಪರವಾನಗಿ ಬಂದ ಮಾತ್ರಕ್ಕೆ ಅನ್ನ ಬರಲಿಲ್ಲ. ಜನರೆದುರಿನಲ್ಲಿ ಆಕಾಶದಲ್ಲಿ ಲಾಗಹಾಕಿ ತೋರಿಸುವುದೊಂದೇ ಆಕೆಗೆ ಉಳಿದ ವೃತ್ತಿ. ಅದಕ್ಕೂ ಹೆಚ್ಚಿನ ಶಿಕ್ಷಣ ಬೇಕೆಂದು 1922ರಲ್ಲಿ ಮತ್ತೊಮ್ಮೆ ಯೂರೋಪಿಗೆ ಹೋಗಿಬಂದು, ಅದೇ ಸೆಪ್ಟೆಂಬರ್ 3ರಂದು ನ್ಯೂಯಾರ್ಕಿನ ಬಳಿ ಮೊದಲನೆಯ ಪ್ರದರ್ಶನವನ್ನು ಕೊಟ್ಟಳು. ಮುಂದಿನ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಬಿದ್ದು ಕಾಲೂ ಪಕ್ಕೆಲುಬುಗಳೂ ಮುರಿದವು. ವಾಸಿಯಾದ ಮೇಲೆ ಪುನಃ ಹಾರಿದಳು. ಹಣ ಸಾಲದಾಗ ಫ್ಲಾರಿಡಾದಲ್ಲಿ ಕೇಶಾಲಂಕಾರದ ಅಂಗಡಿಯನ್ನೂ ಇಟ್ಟಳು. ಇದನ್ನು ಇಳಿತವೆಂದು ಎಣಿಸುವವರನ್ನು ನಾವು ಒಪ್ಪುವುದಿಲ್ಲ. ತನ್ನ ಜನರಿಗಾಗಿ ಒಂದು ವಿಮಾನಶಾಲೆಯನ್ನು ತೆರೆಯಬೇಕೆಂಬುದೇ ಆ ಸಂಪಾದನೆಯ ಗುರಿಯಾಗಿದ್ದಿತು.

ವಾಕ್ಸಹಾಚಿಯ ಪ್ರದರ್ಶನಕ್ಕೆ ಬಿಳಿಯರಿಗೊಂದು ಕಪ್ಪು ಜನರಿಗೊಂದು ಬಾಗಿಲನ್ನು ಗೊತ್ತುಮಾಡಿದ್ದರು. ಬಾಗಿಲು ಒಂದೇ ಆಗದಿದ್ದರೆ ತಾನು ಹಾರುವುದಿಲ್ಲವೆಂದು ಆಕೆ ಹಟಹಿಡಿದಳು. ಬಾಗಿಲು ಒಂದಾಯಿತು, ಒಳಗಿನ ಆಸನಗಳು ಮಾತ್ರ ಬೇರೆಯಾಗಿಯೇ ಉಳಿದವು. ಹಣದ ಅಗತ್ಯವು ಅಷ್ಟಿದ್ದಾಗ, ಬಾಲ್ಯದಲ್ಲಿ ಹತ್ತಿ ಬಿಡಿಸಿದ ಊರಿನಲ್ಲಿಯೇ ಹೀಗೆ ನಿಲ್ಲುವುದು ವಿಮಾನ ಹಾರಿಸುವುದಕ್ಕಿಂತ ಸುಲಭವಾಗಿತ್ತೆಂದು ನಮಗೆ ತೋರುವುದಿಲ್ಲ.

1926ನೆಯ ಏಪ್ರಿಲ್ 30ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್ಲಿನಲ್ಲಿ, ಮರುದಿನದ ಪ್ರದರ್ಶನಕ್ಕಾಗಿ ಸ್ಥಳವನ್ನು ನೋಡಲು ಆಕೆಯು ಮೇಲೇರಿದಳು. ವಿಮಾನವನ್ನು ವಿಲಿಯಂ ವಿಲ್ಸ್ ಎಂಬ ಯಂತ್ರಜ್ಞನು ನಡೆಸುತ್ತಿದ್ದನು. ಪ್ಯಾರಾಚೂಟಿನಿಂದ ಇಳಿಯತಕ್ಕ ನೆಲವನ್ನು ಬಗ್ಗಿ ನೋಡುವ ಸಲುವಾಗಿ ಆಕೆ ಸೊಂಟದ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ವಿಮಾನವು ಥಟ್ಟನೆ ತಲೆಕೆಳಗಾಯಿತು. ಆಕೆಯು ಹೊರಕ್ಕೆ ಎಸೆಯಲ್ಪಟ್ಟು ಮೃತಳಾದಳು. ವಿಲ್ಸನೂ ಉಳಿಯಲಿಲ್ಲ. ನಡೆಸುವ ಯಂತ್ರಭಾಗದಲ್ಲಿ ಒಂದು ಸ್ಪ್ಯಾನರು ಸಿಕ್ಕಿಕೊಂಡಿದ್ದುದು ಆಮೇಲೆ ಕಂಡುಬಂತು. ಆಗ ಆಕೆಗೆ ಮೂವತ್ತನಾಲ್ಕು ವರುಷ. ಶಿಕಾಗೋದಲ್ಲಿ ನಡೆದ ಉತ್ತರಕ್ರಿಯೆಗೆ ಸಾವಿರಾರು ಮಂದಿ ಕೂಡಿದರು. ಐಡಾ ವೆಲ್ಸ್ ಎಂಬ ಪ್ರಸಿದ್ಧ ಮಹಿಳೆಯು ಅದನ್ನು ನಡೆಸಿಕೊಟ್ಟರು.

ಆಕೆ ಬಯಸಿದ ಶಾಲೆಯನ್ನು ಆಕೆ ಕಾಣಲಿಲ್ಲ. ಆದರೆ 1929ರಲ್ಲಿ ವಿಲಿಯಂ ಪೊವೆಲ್ ಎಂಬವರು ಲಾಸ್ ಏಂಜಲಿಸ್‌ನಲ್ಲಿ ಬೆಸ್ಸಿ ಕೋಲ್ಮನ್ ವಿಮಾನ ಸಂಘವನ್ನು ಸ್ಥಾಪಿಸಿ, ಕಪ್ಪು ಜನರ ಗಂಡಸರಿಗೂ ಹೆಂಗಸರಿಗೂ ಹಾರುವುದನ್ನು ಕಲಿಸತೊಡಗಿದರು. 1931ರಲ್ಲಿ ಕಪ್ಪು ವೈಮಾನಿಕರು ಶಿಕಾಗೋ ಬಳಿಯ ಲಿಂಕನ್ ಸ್ಮಶಾನದ ಮೇಲೆ ಹಾರಿ ಆಕೆಯ ಸಮಾಧಿಗೆ ಹೂಗಳನ್ನು ಸುರಿದರು. 1992ರಲ್ಲಿ ಅಂತರಿಕ್ಷಕ್ಕೇರಿದ ಮೊದಲನೆಯ ಕಪ್ಪು ಮಹಿಳೆಯಾದ ಮೇ ಜೆಮಿಸನ್ ತಮ್ಮೊಡನೆ ಒಯ್ದ ವಸ್ತುಗಳಲ್ಲಿ ಬೆಸ್ಸಿಯ ಒಂದು ಭಾವಚಿತ್ರವೂ ಇದ್ದಿತು.