ಬಾಲನಟ ಚಾರ್ಲಿ

ಬಿಗಿಯಾದ ಕೋಟು, ಸಡಿಲವಾದ ಷರಾಯಿ, ಕಾಲಿಗೆ ಮೀರಿದ ಬೂಟು, ಕೈಯಲ್ಲೊಂದು ಬೆತ್ತ. ಈ ವೇಷವನ್ನು ಕಂಡು ನಗದವರು ವಿರಳ. ಚಾರ್ಲಿ ಚಾಪ್ಲಿನ್ ಅದನ್ನು ಧರಿಸಿ ತೆರೆಯ ಮೇಲೆ ಬಂದದ್ದು 1914ರಲ್ಲಿ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಆದರೆ ಅವನ ಕಲೆಯ ಬೇರನ್ನು ಹುಡುಕಹೊರಟವರು ಹಾಲಿವುಡ್ಡಿನಲ್ಲಿ ನಿಲ್ಲಲಾಗದು; ಲಂಡನ್ನಿನ ಬಡವರ ಕೇರಿಗೆ, ಅವನ ತಾಯಿಯ ಬಳಿಗೆ ಹೋಗಬೇಕು.

ಚಾರ್ಲಿ ಹುಟ್ಟಿದ್ದು 1889ರ ಏಪ್ರಿಲ್ 16ರಂದು. ತಂದೆತಾಯಿಗಳಿಬ್ಬರೂ ಮ್ಯೂಸಿಕ್ ಹಾಲ್ ಎಂಬ ವಿನೋದರಂಗಗಳ ಗಾಯಕರು. ತಂದೆ ಕುಡಿತಕ್ಕೆ ಬಿದ್ದು ಸಂಸಾರದಿಂದ ದೂರವಾದನು. 1901ರಲ್ಲಿ, 38ನೆಯ ವಯಸ್ಸಿಗೇ ತೀರಿಕೊಂಡನು. ಮಗನಿಗೆ ಅವನಿಂದ ದೊರೆತದ್ದು ತನ್ನ ಹೆಸರು, ಮತ್ತು ಬಾಲನರ್ತಕರ ತಂಡವೊಂದರಲ್ಲಿ ಒಂದು ಸ್ಥಾನ, ಇಷ್ಟೇ.

ತಾಯಿ ಹ್ಯಾನಾಳ ಕಥೆ ಬೇರೆ. ಆಲ್ಡರ್‌ಷಾಟಿನ ರಂಗಮಂದಿರದಲ್ಲಿ ಒಂದು ರಾತ್ರಿ ಹಾಡುತ್ತಿದ್ದಂತೆಯೇ ಆಕೆಯ ದನಿ ಒಡೆಯಿತು. ಪ್ರೇಕ್ಷಕರು ಗೇಲಿ ಮಾಡಿದರು. ಐದು ವರ್ಷದ ಚಾರ್ಲಿಯನ್ನು ವ್ಯವಸ್ಥಾಪಕನು ಆಕೆಯ ಬದಲಿಗೆ ರಂಗಕ್ಕೆ ತಂದು ನಿಲ್ಲಿಸಿದನು. ಹುಡುಗ ಹಾಡಿದ, ಜನ ಕಾಸು ಎಸೆದರು, ಹಾಡನ್ನು ನಿಲ್ಲಿಸಿ ಕಾಸು ಆರಿಸಿಕೊಂಡ, ಜನ ನಕ್ಕರು. ಅನಂತರ ಏನೂ ಅರಿಯದೆ ತಾಯಿಯ ಹಾಡನ್ನು, ಆಕೆಯ ಒಡೆದ ದನಿಯ ಸಮೇತ, ಅನುಕರಿಸಿದ. ನಗೆ ಇಮ್ಮಡಿಸಿತು. ಈ ಪ್ರಸಂಗಕ್ಕೆ ಚಾಪ್ಲಿನ್ ತನ್ನ ಎಪ್ಪತ್ತೈದರಲ್ಲಿ ಪ್ರಕಟಿಸಿದ ಆತ್ಮಕಥೆಯೇ ಮುಖ್ಯ ಆಧಾರ. ಮುಪ್ಪಿನ ನೆನಪು ಬಣ್ಣ ಬಳಿಯುವುದುಂಟು. ಆದರೂ ಆ ಒಡೆದ ದನಿಯ ಸಂಗತಿಯನ್ನು ಅವನು ಮರೆಮಾಚಲಿಲ್ಲವೆಂಬುದನ್ನು ಗಮನಿಸಬೇಕು.

ರಂಗ ಕೈಬಿಟ್ಟ ಮೇಲೆ ಹ್ಯಾನಾ ಹೊಲಿಗೆಯಿಂದ ಮಕ್ಕಳನ್ನು ಸಾಕಿದಳು. ಬಿಡುವಾದಾಗ ಕಿಟಕಿಯ ಬಳಿ ಕುಳಿತು ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಅವರ ನಡಿಗೆಯನ್ನೂ ಮುಖಭಾವವನ್ನೂ ಮಗನೆದುರು ಅಭಿನಯಿಸುವಳು. ಬೂಟಿನ ಕೊಳೆ, ಹೆಜ್ಜೆಯ ಬಿರುಸುಗಳಿಂದಲೇ ಆ ಮನುಷ್ಯನ ಮನೆಯಲ್ಲಿ ಬೆಳಗ್ಗೆ ನಡೆದಿರಬಹುದಾದ ಜಗಳವನ್ನು ಊಹಿಸುವಳು. ಚಾರ್ಲಿಗೆ ಅದೇ ನಾಟ್ಯಶಾಲೆ.

1896ರಲ್ಲಿ ಮೂವರೂ ಸರ್ಕಾರದ ಬಡವರ ಆಶ್ರಯಗೃಹವನ್ನು ಸೇರಬೇಕಾಯಿತು. ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಹ್ಯಾನ್‌ವೆಲ್ ಶಾಲೆಗೆ ಕಳುಹಿಸಿದರು. ಅಲ್ಲಿ ಗಜಕರ್ಣ ತಗುಲಿದ್ದರಿಂದ ಏಳು ವರ್ಷದ ಹುಡುಗನ ತಲೆ ಬೋಳಿಸಿ ಅಯೋಡಿನ್ ಬಳಿದರು. 1898ರಲ್ಲಿ ಮತ್ತೆ ಅದೇ ಆಶ್ರಯ. ಆ ಆಗಸ್ಟಿನ ಒಂದು ದಿನ ಹ್ಯಾನಾ ತನ್ನನ್ನೂ ಮಕ್ಕಳನ್ನೂ ಬಿಡುಗಡೆ ಮಾಡಿಸಿಕೊಂಡಳು. ಕೆನಿಂಗ್‌ಟನ್ ಉದ್ಯಾನದಲ್ಲಿ ಮೂವರೂ ಚೆರಿಹಣ್ಣು ತಿಂದರು. ವೃತ್ತಪತ್ರಿಕೆಯನ್ನು ಉಂಡೆಮಾಡಿ ಚೆಂಡಾಡಿದರು. ಮಧ್ಯಾಹ್ನ ಕಳೆಯಿತು. ಆಕೆ ಮಕ್ಕಳೊಡನೆ ಮತ್ತೆ ಆಶ್ರಯಗೃಹದ ಬಾಗಿಲಿಗೆ ಬಂದಳು. ದಾಖಲೆಗಳನ್ನು ಮೊದಲಿನಿಂದ ಬರೆಯಬೇಕಾಯಿತೆಂದು ಅಧಿಕಾರಿಗಳು ಸಿಡುಕಿದರಂತೆ.

1903ರಲ್ಲಿ ಆಕೆ ನೆರೆಮನೆಗಳ ಬಾಗಿಲು ತಟ್ಟಿ, ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಕಲ್ಲಿದ್ದಲ ತುಂಡುಗಳನ್ನು ಕೊಡತೊಡಗಿದಳು. ಅಣ್ಣ ಸಿಡ್ನಿ ಹಡಗಿನ ಕೆಲಸದಲ್ಲಿದ್ದನು. ಹದಿನಾಲ್ಕು ವರ್ಷದ ಚಾರ್ಲಿ ತಾನೊಬ್ಬನೇ ತಾಯಿಯ ಕೈಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದನು. ಅಲ್ಲಿಂದ ಆಕೆಯನ್ನು ಕೇನ್ ಹಿಲ್ ಮಾನಸಿಕ ಆಸ್ಪತ್ರೆಗೆ ಸಾಗಿಸಿದರು.

ಅದೇ ಬೇಸಿಗೆಯಲ್ಲಿ ಅವನಿಗೆ ಷರ್ಲಾಕ್ ಹೋಮ್ಸ್ ನಾಟಕದಲ್ಲಿ ಬಿಲ್ಲಿ ಎಂಬ ಸೇವಕ ಹುಡುಗನ ಪಾತ್ರ ಸಿಕ್ಕಿತು. ವಾರಕ್ಕೆ ಎರಡೂವರೆ ಪೌಂಡು ಸಂಬಳ. ಸರಿಯಾಗಿ ಓದಲು ಬಾರದು. ಎದುರಿಗೇ ಓದಿಸಿಯಾರೆಂಬ ಭಯ. ಓದಿಸಲಿಲ್ಲ. ಅಷ್ಟರಲ್ಲಿ ಮರಳಿದ್ದ ಸಿಡ್ನಿಯೇ ಮನೆಯಲ್ಲಿ ಕುಳ್ಳಿರಿಸಿ ಮಾತುಗಳನ್ನು ಬಾಯಿಪಾಠ ಮಾಡಿಸಿದನು.

‘ದಿ ಕಿಡ್’ ಚಿತ್ರವನ್ನು ನೋಡಿದವರಿಗೆ ಅನಾಥಾಲಯದ ಬಂಡಿಯಲ್ಲಿ ಕೈಚಾಚಿ ಅಳುವ ಬಾಲಕನ ನೆನಪಿದ್ದೀತು. ಆ ಅಳು ಎಲ್ಲಿಂದ ಬಂತೆಂದು ಈಗ ಹೇಳಬೇಕಾಗಿಲ್ಲ. ಚಿತ್ರ ಬಿಡುಗಡೆಯಾದ 1921ರಲ್ಲಿಯೇ ಚಾಪ್ಲಿನ್ ತಾಯಿಯನ್ನು ಕ್ಯಾಲಿಫೋರ್ನಿಯಕ್ಕೆ ಕರೆಸಿಕೊಂಡು, ಮನೆಮಾಡಿ, ದಾದಿಯರನ್ನಿಟ್ಟು ನೋಡಿಕೊಂಡನು. 1928ರ ಆಗಸ್ಟಿನಲ್ಲಿ ಆಕೆ ತೀರಿಕೊಂಡಳು. ಚಿತ್ತ ಕೊನೆಯವರೆಗೂ ಪೂರ್ತಿ ತಿಳಿಯಾಗಲಿಲ್ಲ.