ಸಿಂಹವನ್ನು ಅಳತೆ ಮಾಡಿದ ಶಿಲ್ಪಿ

ಆಂತ್ವಾನ್-ಲೂಯಿ ಬಾರೀ ಪ್ಯಾರಿಸ್ಸಿನ ಅಕ್ಕಸಾಲಿಯೊಬ್ಬನ ಮಗ. ಹುಟ್ಟಿದ್ದು 1795ರಲ್ಲಿ. ಹದಿಹರೆಯದಲ್ಲೇ ಲೋಹ ಕೆತ್ತುವವನ ಹತ್ತಿರ ಕೆಲಸಕ್ಕೆ ಸೇರಿದ. 1812ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂತು. ಅಲ್ಲಿ ಭೂಪಟ ತಯಾರಿಸುವ ದಳದ ಕೆಲಸ. ವಾಪಸ್ ಬಂದು ಕಲಾಶಾಲೆ ಸೇರಿ, ರೋಮಿಗೆ ಕಳಿಸುವ ದೊಡ್ಡ ಬಹುಮಾನಕ್ಕೆ ಮತ್ತೆ ಮತ್ತೆ ಸ್ಪರ್ಧಿಸಿದ. ಸಿಗಲಿಲ್ಲ. ಹೊಟ್ಟೆಪಾಡಿಗೆ ಮತ್ತೆ ಚಿನ್ನಬೆಳ್ಳಿ ಕೆಲಸವೇ ಗತಿಯಾಯ್ತು.

ಆತನ ನಿಜವಾದ ಕಾಲೇಜು ಅಂದ್ರೆ ಪ್ಯಾರಿಸ್ಸಿನ ಸಸ್ಯೋದ್ಯಾನದೊಳಗಿದ್ದ ಮೃಗಾಲಯ. ಚಿತ್ರಕಾರ ಡೆಲಕ್ರೋವಾ ಜೊತೆ ಕೂತು ಹುಲಿ, ಸಿಂಹಗಳನ್ನು ಬರೆಯುತ್ತಿದ್ದ. ಅಲ್ಲಿನ ಸಿಂಹವೊಂದು ಸತ್ತಾಗ, ತಡಮಾಡದೆ ಓಡಿ ಬಾ ಅಂತ ಡೆಲಕ್ರೋವಾ ಚೀಟಿ ಕಳಿಸಿದ್ದನಂತೆ. ಸತ್ತ ಪ್ರಾಣಿಯ ಒಂದೊಂದು ಅಂಗವನ್ನೂ ಬಾರೀ ಅಳೆಯುತ್ತಿದ್ದ, ಅಂಕಿಗಳನ್ನು ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದ. ಇಂಜಿನಿಯರಿಂಗ್ ಡ್ರಾಯಿಂಗ್ ಶೀಟಿನ ಮುಂದೆ ಬಗ್ಗಿ ಕೂರುವ ನಮಗೆ ಈತ ಹತ್ತಿರದವನು ಅನ್ನಿಸೋದು ಇದಕ್ಕೇ.

1831ರ ಪ್ರದರ್ಶನದಲ್ಲಿ ಘರಿಯಲ್ ಮೊಸಳೆಯನ್ನು ತಿನ್ನುವ ಹುಲಿ ಇಟ್ಟ, 1833ರಲ್ಲಿ ಹಾವನ್ನು ಅದುಮಿ ಹಿಡಿದ ಸಿಂಹ. ಹೆಸರು ಬಂತು. ಆದರೆ ಪ್ರಾಣಿ ಮಾಡೋದೆಲ್ಲ ಕೆಳದರ್ಜೆಯ ಕೆಲಸ ಅನ್ನುವ ಕಾಲ ಅದು. ಇಂಥವರಿಗೆ ಇಟ್ಟ 'ಆನಿಮಲಿಯೇ' ಅನ್ನೋ ಹೆಸರೇ ಲೇವಡಿಯದು. 1837ರಲ್ಲಿ ಒರ್ಲಿಯನ್ಸಿನ ಡ್ಯೂಕನ ಊಟದ ಮೇಜಿಗೆಂದು ಮಾಡಿದ ಬೇಟೆಯ ಶಿಲ್ಪಗಳನ್ನು ಪ್ರದರ್ಶನದ ತೀರ್ಪುಗಾರರು ತಿರಸ್ಕರಿಸಿದರು.

ಬಾರೀ ಪ್ರದರ್ಶನದ ಸಹವಾಸವನ್ನೇ ಬಿಟ್ಟ. ಮನೆಯಲ್ಲಿ ಇಡಬಹುದಾದ ಸಣ್ಣ ಕಂಚಿನ ಪ್ರಾಣಿಗಳನ್ನು ತಾನೇ ಎರಕ ಹೊಯ್ದು, ಬೆಲೆಪಟ್ಟಿ ಅಚ್ಚು ಹಾಕಿಸಿ ಮಾರತೊಡಗಿದ. ವಿಧಾನ ನಮ್ಮ ಫೌಂಡ್ರಿ ಲ್ಯಾಬಿನವರಿಗೆ ಗೊತ್ತಿರೋದೇ. ಮೂಲ ಮಾದರಿಯನ್ನೂ ಕಂಚಿನಲ್ಲೇ, ಬಿಡಿಬಿಡಿ ಭಾಗಗಳಾಗಿ ಮಾಡೋದು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯೋದು. ಎರಕದ ಭಾಗಗಳನ್ನು ಜೋಡಿಸಿ, ಉಳಿಯಿಂದ ತಿದ್ದಿ, ಮೇಲೆ ಬಣ್ಣ ಕಟ್ಟೋದು. ಮರದ ಮಾದರಿಯ ಹಾಗೆ ಕಂಚು ಸವೆಯಲ್ಲ, ಸೊಟ್ಟಗಾಗಲ್ಲ.

ಆದರೆ ಲೆಕ್ಕಪುಸ್ತಕ ಆತನ ಕೈಗೆ ಸಿಗಲಿಲ್ಲ. 1845ರಲ್ಲಿ ಎಮಿಲ್ ಮಾರ್ಟಿನ್ ಜೊತೆ ಕಂಪನಿ ಕಟ್ಟಿದ. 1848ರ ಕ್ರಾಂತಿಯ ವರ್ಷ ಸಾಲ ಕುತ್ತಿಗೆಗೆ ಬಂತು, ಮಾದರಿಗಳೆಲ್ಲ ಮಾರ್ಟಿನ್ ಕೈ ಸೇರಿದವು. ತಾನು ಅಳೆದು ಮಾಡಿದ ಹುಲಿ ಬೇರೆಯವರ ಲೆಕ್ಕಕ್ಕೆ ಎರಕವಾಗುವುದನ್ನು ಸುಮಾರು ಒಂಬತ್ತು ವರ್ಷ ನೋಡಿಕೊಂಡಿರಬೇಕಾಯಿತು. 1857ರ ಹೊತ್ತಿಗೆ ಅವನ್ನು ಬಿಡಿಸಿಕೊಂಡ.

ಅಷ್ಟರಲ್ಲಿ, 1854ರಲ್ಲಿ, ಅದೇ ಸಸ್ಯೋದ್ಯಾನದ ಮ್ಯೂಸಿಯಂ ಆತನನ್ನು ಪ್ರಾಣಿಚಿತ್ರದ ಪ್ರಾಧ್ಯಾಪಕನನ್ನಾಗಿ ಮಾಡಿತ್ತು. ಮುಂದೆ ಹೆಸರಾದ ರೋದಾನ್ ಆ ಕ್ಲಾಸಿನಲ್ಲಿ ಕೂತವನು. 1868ರಲ್ಲಿ ಅಕಾಡೆಮಿ ಸದಸ್ಯತ್ವವೂ ಬಂತು. 1873ರಲ್ಲಿ ವಾಷಿಂಗ್ಟನ್ನಿನ ಕಾರ್ಕೊರನ್ ಗ್ಯಾಲರಿಗಾಗಿ ಒಂದು ಆರ್ಡರ್: ಬಾರೀ ಮಾಡಿದ ಕಂಚಿನ ಶಿಲ್ಪಗಳಲ್ಲಿ ಸಿಕ್ಕಷ್ಟೂ, ಪ್ರತಿಯೊಂದರಲ್ಲೂ ಒಂದೊಂದು ಬೇಕು. ಎಪ್ಪತ್ತು ದಾಟಿದ್ದ ಮುದುಕ ಆ ನೂರಕ್ಕೂ ಹೆಚ್ಚಿನ ಶಿಲ್ಪಗಳ ಕೆಲಸದಲ್ಲೇ ಇದ್ದ. ಎರಡು ವರ್ಷಕ್ಕೆ, 1875ರಲ್ಲಿ ತೀರಿಕೊಂಡ.